ಎಪ್ಪತ್ತರಲ್ಲಿ ನಿಂತ ಮುಳ್ಳು

ಆಗ ನನಗೆ ಮೂವತ್ತನಾಲ್ಕು ವರ್ಷ. ನಲವತ್ತೊಂದು ವರ್ಷದ ಹಿಂದಿನ ಮಾತು. ಗೋವಿಂದರಾಜನಗರದಲ್ಲಿ, ಮಾಗಡಿ ರಸ್ತೆಯಿಂದ ಎರಡು ತಿರುವು ಒಳಗೆ, ಹತ್ತಡಿಗೆ ಎಂಟಡಿಯ ಒಂದು ಅಂಗಡಿಯಲ್ಲಿ ನಾನು ಮೋಟಾರ್ ಸೈಕಲ್ಲಿನ ಸ್ಪೀಡ್ ಮೀಟರ್ ರಿಪೇರಿ ಮಾಡುತ್ತಿದ್ದೆ. ಆ ವರ್ಷ ಆಯುಧಪೂಜೆಯ ದಿನ ನಾನು ಮಾಡಿದ ಒಂದು ತಪ್ಪಿನಿಂದ ಚೆನ್ನಪ್ಪ ಅನ್ನುವ ಸಿಟಿ ಬಸ್ ಡ್ರೈವರ್ ತನ್ನ ಕೆಲಸ ಕಳೆದುಕೊಳ್ಳುವುದರಲ್ಲಿದ್ದ. ಅದನ್ನು ಬರೆಯಲು ಕೂತಿದ್ದೇನೆ. ಆದರೆ ಅದು ತಿಳಿಯಬೇಕಾದರೆ ಮೊದಲು ಕೆಲಸ ತಿಳಿದಿರಬೇಕು.

ಈಗ ಹಳೆ ಗಾಡಿಯ ಹುಚ್ಚು ಹಿಡಿದ ಹುಡುಗರು ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಕೆಲವರು ಇದೇ ಕೆಲಸಕ್ಕೆ ಅಂಗಡಿ ಹಾಕುತ್ತೇವೆ ಅನ್ನುತ್ತಾರೆ. "ಅಜ್ಜಿ, ಮುಳ್ಳು ಅಲ್ಲಾಡ್ತಾನೇ ಇಲ್ಲ, ಮೊಬೈಲಲ್ಲಿ ನೋಡ್ಕೊಂಡು ಬಿಚ್ಚಿದ್ದೆ" ಅಂತ ಮುಂದಿಡುತ್ತಾರೆ. ನೋಡಿದರೆ ಮೀಟರು ಬೆಕ್ಕು ಪರಚಿದ ಹಾಗಿರುತ್ತದೆ. ಅವರಿಗೆಂದೇ ಇದು. ನನ್ನ ಓದು ಮೂರನೇ ಕ್ಲಾಸು. ಬಾಯಲ್ಲಿ ಹೇಳುವುದು ನನಗೆ ಸುಲಭ, ಆದರೆ ಬಾಯಲ್ಲಿ ಹೇಳಿದ್ದನ್ನು ಯಾರೂ ಕೊನೆಯವರೆಗೆ ಕೇಳುವುದಿಲ್ಲ.

ಅಂಗಡಿ ಗೋಪಾಲಾಚಾರ್ರದು. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದವರು ಆಮೇಲೆ ಮೀಟರಿಗೆ ತಿರುಗಿಕೊಂಡರು. ಅವರಿಗೆ ಕಣ್ಣು ಮಂಜಾಗಿ, ಕೈ ನಡುಕ ಶುರುವಾಗಿತ್ತು. ನಾನು ಅದೇ ಬೀದಿಯಲ್ಲಿ ಊದುಬತ್ತಿ ಹೊಸೆಯುತ್ತಿದ್ದೆ. ನನ್ನ ಗಂಡ ಮಿಲ್ಲಿನಲ್ಲಿದ್ದ, ಮಿಲ್ಲಿನಲ್ಲಿ ಕೆಲಸ ನಿಂತಿತು, ಅಷ್ಟು ಹೇಳಿದರೆ ಸಾಕು. ಆಚಾರ್ರು ಒಂದು ದಿನ ನನ್ನ ಜಗಲಿಯ ಮುಂದೆ ನಿಂತು ಕಾಲು ಗಂಟೆ ನನ್ನ ಬೆರಳುಗಳನ್ನೇ ನೋಡಿದರು. ನನಗೆ ಸಿಟ್ಟು ಬಂತು.

"ಏನ್ ಆಚಾರ್ರೇ, ಯಾವತ್ತೂ ಊದ್‌ಬತ್ತಿ ನೋಡಿಲ್ವಾ?"

"ಊದ್‌ಬತ್ತಿ ನೋಡಿದೀನಿ. ಹಿಂಗೆ ಒಂದೇ ದಪ್ಪಕ್ಕೆ ಹೊಸೆಯೋ ಕೈ ನೋಡಿರ್ಲಿಲ್ಲ. ನಾಳೆ ಅಂಗಡಿಗೆ ಬಾ."

ಹೋದೆ. ಚೂಪು ಮೂತಿಯ ಸಣ್ಣ ಇಕ್ಕಳದಲ್ಲಿ ಒಂದು ಮೀಟರಿನ ಮುಳ್ಳು ಕೊಟ್ಟು, ಕೂತಲ್ಲೇ ಹಿಡಿದುಕೊಂಡಿರು ಅಂದರು. ಅವರು ಕಾಫಿ ತರಿಸಿ, ಕುಡಿದು, ಲೋಟ ತೊಳೆದು ಇಡುವವರೆಗೆ ಹಿಡಿದುಕೊಂಡಿದ್ದೆ. ಮುಳ್ಳು ಅಲ್ಲಾಡಲಿಲ್ಲ. ಪರೀಕ್ಷೆ ಅಷ್ಟೇ. ಬೀದಿಯವರು ಆರು ತಿಂಗಳು ನಕ್ಕರು, ಆಮೇಲೆ ಅಭ್ಯಾಸವಾಯಿತು.

ಈಗ ಮೀಟರಿನ ಒಳಗಿನ ವಿಷಯ. ಮುಂದಿನ ಚಕ್ರದಿಂದ ಒಂದು ಕೇಬಲ್ ಮೇಲಕ್ಕೆ ಬಂದು ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಮೇಲೆ ಅಲ್ಯೂಮಿನಿಯಂ ಬಟ್ಟಲು ಕವುಚಿರುತ್ತದೆ. ಎರಡೂ ಮುಟ್ಟುವುದಿಲ್ಲ. ಮುಟ್ಟದೆಯೇ ಅದು ಇದನ್ನು ಎಳೆಯುತ್ತದೆ. ಬಟ್ಟಲಿನ ಕಡ್ಡಿಯ ತುದಿಗೆ ಮುಳ್ಳು ಚುಚ್ಚಿರುತ್ತದೆ. ಕೂದಲಿನಂಥ ಒಂದು ಸುರುಳಿ ಸ್ಪ್ರಿಂಗು ಮುಳ್ಳನ್ನು ಯಾವಾಗಲೂ ಸೊನ್ನೆಯ ಕಡೆಗೆ ಎಳೆಯುತ್ತಿರುತ್ತದೆ. ಆ ಸ್ಪ್ರಿಂಗಿನ ಶಕ್ತಿ ಎಷ್ಟು ಅಂದರೆ, ಒಂದು ಇರುವೆ ಅಡ್ಡ ನಿಂತರೂ ಅದು ಸೋಲುತ್ತದೆ. ಹಳೆ ಗಾಡಿಯ ಮುಳ್ಳು ಅಂಟಿಕೊಳ್ಳುವುದಕ್ಕೆ ಕಾರಣ ಇದೇ. ಒಣಗಿದ ಎಣ್ಣೆ, ಧೂಳು, ಅಂಕಿ ಬರೆದಿರುವ ಮುಖದ ಬಣ್ಣದ ಚಕ್ಕೆ, ಏನಾದರೂ ಸಾಕು.

ಮೆಕ್ಯಾನಿಕ್ಕುಗಳು ಕೇಬಲ್ಲಿಗೆ ಗ್ರೀಸು ಬಳಿಯುವುದು ಇನ್ನೊಂದು ಕಾಟ. ಪಕ್ಕದ ಗ್ಯಾರೇಜಿನ ಬಾಷಾ ಒಳ್ಳೆಯ ಕೆಲಸಗಾರ, ಆದರೆ ಗ್ರೀಸು ಕಂಡರೆ ಮದುವೆ ಮನೆಯ ತುಪ್ಪದ ಹಾಗೆ ಸುರಿಯುತ್ತಿದ್ದ. ತಿರುಗುವ ಕೇಬಲ್ಲು ಗ್ರೀಸನ್ನು ಮೇಲಕ್ಕೆ ಹತ್ತಿಸಿಕೊಂಡು ಹೋಗಿ ಮೀಟರಿನ ಹೊಟ್ಟೆಗೆ ತುಂಬುತ್ತದೆ. "ಕೆಳಗಡೆ ಮುಕ್ಕಾಲ್ ಪಾಲು ಹಚ್ಚು, ಮೇಲ್ಗಡೆ ಗೇಣುದ್ದ ಒಣಗಲೇ ಬಿಡು" ಅಂತ ಅವನಿಗೆ ಹೇಳಿ ಹೇಳಿ ನನ್ನ ಬಾಯಿ ಸವೆಯಿತು. "ಸರಿ ಅಕ್ಕ, ಸರಿ ಅಕ್ಕ" ಅನ್ನುತ್ತಲೇ ಸುರಿಯುತ್ತಿದ್ದ.

ಮೀಟರಿನ ಗಾಜನ್ನು ಹಿಡಿದಿರುವ ತಗಡಿನ ಪಟ್ಟಿಗೆ ನಾವು ಬಳೆ ಅನ್ನುತ್ತಿದ್ದೆವು. ಅದರ ಅಂಚು ಹಿಂದಕ್ಕೆ ಮಡಚಿರುತ್ತದೆ. ಅದನ್ನು ಒಂದೇ ಕಡೆ ಮೀಟಿ ಎಬ್ಬಿಸಬಾರದು. ಮೊಂಡು ಮೂತಿಯ ಸಲಾಕೆಯಲ್ಲಿ ಕೂದಲೆಳೆಯಷ್ಟು ಎಬ್ಬಿಸಿ, ಬೆರಳಗಲ ಮುಂದೆ ಹೋಗಿ, ಮತ್ತೆ ಕೂದಲೆಳೆ. ಸುತ್ತು ನಾಲ್ಕೈದು ಬರಬೇಕು. ಒಂದೇ ಸುತ್ತಿಗೆ ಎಬ್ಬಿಸಿದವರ ಬಳೆ ಮತ್ತೆ ಕೂರುವುದಿಲ್ಲ. ಅಲ್ಲಿಂದ ಮಳೆ ನೀರು ಒಳಗೆ ಹೋಗುತ್ತದೆ.

ಮುಳ್ಳು ಕೀಳುವ ಮುಂಚೆ ಅದು ಎಲ್ಲಿ ನಿಂತಿದೆ ಅಂತ ಗುರುತು ಮಾಡಿಕೊಳ್ಳಬೇಕು. ಸೊನ್ನೆಯ ಹತ್ತಿರ ಒಂದು ಸಣ್ಣ ಮೊಳೆ ಇರುತ್ತದೆ, ಮುಳ್ಳು ಅದಕ್ಕೆ ಒರಗಿರುತ್ತದೆ. ಮೊಳೆಯನ್ನು ದಾಟಿಸಿ ಬಿಟ್ಟರೆ ಇನ್ನೂ ಸ್ವಲ್ಪ ಕೆಳಕ್ಕೆ ಹೋಗಿ ನಿಲ್ಲುತ್ತದೆ. ಆ ಜಾಗವೇ ಅದರ ನಿಜವಾದ ಮನೆ. ಮೊದಲನೇ ವರ್ಷ ನಾನು ಗುರುತು ಮಾಡದೆ ಒಂದು ಮುಳ್ಳು ಕಿತ್ತು, ಅಂದಾಜಿನಲ್ಲಿ ಚುಚ್ಚಿ ಕಳಿಸಿದೆ. ಅದು ಬಸವೇಶ್ವರನಗರದ ಒಬ್ಬ ಮೇಷ್ಟರ ಗಾಡಿ. ಹದಿನೈದು ದಿನ ಬಿಟ್ಟು ಬಂದರು.

"ಅಲ್ಲಮ್ಮಾ, ನಾನು ನಲವತ್ತರ ಮೇಲೆ ಹೋಗೋನೇ ಅಲ್ಲ. ಆದ್ರೆ ಈಗ ನಲವತ್ತರಲ್ಲಿ ಹೋಗ್ತಿದ್ರೆ ಹಾಲಿನ್ ಸೈಕಲ್ಲವನು ನನ್ನ ಹಿಂದಕ್ಕೆ ಹಾಕ್ಕೊಂಡು ಹೋಗ್ತಾನೆ! ದಿನಾ ಪ್ರಾರ್ಥನೆ ತಪ್ಪೋಗ್ತಾ ಇದೆ. ಹೆಡ್ ಮೇಷ್ಟ್ರು ಗೇಟಲ್ಲೇ ನಿಂತಿರ್ತಾರೆ."

ಆಚಾರ್ರು ಮೀಟರು ಹಾಕಿ ನೋಡಿದರು. ಮುಳ್ಳು ಹದಿನೈದು ಜಾಸ್ತಿ ತೋರಿಸುತ್ತಿತ್ತು. ಮೇಷ್ಟರು ಪಾಪ ಇಪ್ಪತ್ತೈದರಲ್ಲಿ ಹೋಗುತ್ತಾ ನಲವತ್ತು ಅಂದುಕೊಂಡಿದ್ದರು. ಆಚಾರ್ರು ಅವರ ಮುಂದೆ ನನ್ನನ್ನು ಬೈಯಲಿಲ್ಲ. ಅವರು ಹೋದ ಮೇಲೆ, "ಮುಳ್ಳು ಹೇಳಿದ್ದನ್ನ ಜನ ನಂಬ್ತಾರೆ ಕಣೇ. ರೋಡ್ ನೋಡಲ್ಲ, ಪಕ್ಕದವನ್ನ ನೋಡಲ್ಲ, ಮುಳ್ಳು ನೋಡ್ತಾರೆ" ಅಂದರು. ಆವತ್ತು ಬೈಗುಳಕ್ಕಿಂತ ಜಾಸ್ತಿ ಅನ್ನಿಸಲಿಲ್ಲ.

ಆಚಾರ್ರು ಕಟ್ಟುನಿಟ್ಟಿನ ಮನುಷ್ಯ. ಗಾಡಿ ಮಾರುವವರು ಬಂದು ಕಿಲೋಮೀಟರ್ ಅಂಕಿ ಹಿಂದಕ್ಕೆ ತಿರುಗಿಸಿಕೊಡಿ ಅಂದರೆ, "ನಿನ್ನ ಗಡಿಯಾರ ಕೊಡು, ಅದನ್ನೂ ಹಿಂದಕ್ಕೆ ತಿರುಗಿಸ್ತೀನಿ, ವಯಸ್ಸು ಕಮ್ಮಿ ಆಗ್ತದಾ ನೋಡು" ಅಂತ ಓಡಿಸುತ್ತಿದ್ದರು. ತೆರೆದ ಮೀಟರಿಗೆ ಬಾಯಲ್ಲಿ ಊದುವುದನ್ನು ಅವರು ಕಂಡರೆ ಮುಗಿಯಿತು. ಬಾಯಿ ಉಸಿರಿನಲ್ಲಿ ಎಂಜಲಿದೆ, ತೇವ ಇದೆ, ಅದು ಧೂಳನ್ನು ಹಾರಿಸುವುದಿಲ್ಲ, ಅಂಟಿಸುತ್ತದೆ ಅನ್ನುತ್ತಿದ್ದರು. ಊದುವುದಕ್ಕೆ ಹಳೆ ಆಟೋ ಹಾರನ್ನಿನ ರಬ್ಬರ್ ಬುರುಡೆ ಇಟ್ಟಿದ್ದರು. ಮೀಟರು ಪರೀಕ್ಷೆ ಮಾಡುವುದಕ್ಕೆ ಒಂದು ಹೊಲಿಗೆ ಮೆಷಿನ್ನಿನ ಸ್ಟ್ಯಾಂಡು ಇತ್ತು. ಮೇಲಿನ ಸಣ್ಣ ಗಾಲಿಗೆ ಕೇಬಲ್ ಸಿಕ್ಕಿಸಿ ಕಾಲಲ್ಲಿ ತುಳಿದರೆ ಮುಳ್ಳು ನಲವತ್ತರವರೆಗೂ ಏರುತ್ತಿತ್ತು. ಕಾಲು ನಿಲ್ಲಿಸಿದ ಕೂಡಲೆ ಮುಳ್ಳು ಬೀಳಬೇಕು. ಏರುವುದಕ್ಕಿಂತ ಬೀಳುವುದನ್ನೇ ನೋಡಬೇಕು. ತಡೆದು ತಡೆದು ಬಿದ್ದರೆ ಮತ್ತೆ ಬಿಚ್ಚು. ತುಳಿಯದೆ ಒಂದು ಮೀಟರೂ ಅಂಗಡಿಯಿಂದ ಆಚೆ ಹೋಗಬಾರದು ಅನ್ನುವುದು ನಿಯಮ.

ಇನ್ನು ಆಯುಧಪೂಜೆಯ ವಿಷಯ.

ಹಿಂದಿನ ದಿನ ಎಲ್ಲ ಸಾಮಾನು ಸೀಮೆಣ್ಣೆಯಲ್ಲಿ ತೊಳೆದು ಒರೆಸಿದ್ದೆವು. ಪೂಜೆಯ ಬೆಳಿಗ್ಗೆ ಒಂದು ಹಲಗೆಯ ಮೇಲೆ ಅವನ್ನೆಲ್ಲ ಜೋಡಿಸಿದೆವು. ಸಲಾಕೆ, ಇಕ್ಕಳ, ರಬ್ಬರ್ ಬುರುಡೆ, ಎಣ್ಣೆಯ ಸೂಜಿ. ಹೊಲಿಗೆ ಸ್ಟ್ಯಾಂಡಿಗೆ ಚೆಂಡು ಹೂವಿನ ಹಾರ ಸುತ್ತಿದೆವು. ಪಕ್ಕದಲ್ಲೇ ರಿಪೇರಿಗೆ ಬಂದಿದ್ದ ಮೀಟರುಗಳು. ಬೆಂಚಿನ ಮೇಲೆ ಏನೇನಿದೆಯೋ ಎಲ್ಲಕ್ಕೂ ಅರಿಶಿನ ಕುಂಕುಮ ಬೀಳಬೇಕು ಅನ್ನುವುದು ಆಚಾರ್ರ ಪದ್ಧತಿ. ಚೆನ್ನಪ್ಪನ ಸ್ವಂತ ಮೋಟಾರ್ ಸೈಕಲ್ಲಿನ ಮೀಟರು ಬಾಯಿ ತೆರೆದುಕೊಂಡೇ ಇತ್ತು. ಹಿಂದಿನ ಸಂಜೆ ಅದರ ಕಡ್ಡಿಗೆ ಹೊಸ ಎಣ್ಣೆ ಕೊಟ್ಟು ಮುಳ್ಳು ಕೂರಿಸಿದ್ದೆ. ಬಳೆ ಮುಚ್ಚುವುದು, ತುಳಿದು ನೋಡುವುದು ಬಾಕಿ ಇತ್ತು.

ಕುಂಕುಮ ಇಡುವ ಕೆಲಸ ನನ್ನದು. ಸಾಲಾಗಿ ಇಟ್ಟುಕೊಂಡು ಬಂದೆ. ಚೆನ್ನಪ್ಪನ ಮೀಟರಿಗೂ ಅಂಚಿನಲ್ಲಿ ಇಟ್ಟೆ. ಕುಂಕುಮ ಒಣಗಿದ್ದು, ನುಣ್ಣಗಿತ್ತು. ಬೆರಳಿಂದ ಉದುರಿ ಮುಖದ ಮೇಲೆ ಬಿತ್ತು. ಮುಖದ ನಡುವೆ ಕಡ್ಡಿ ಬರುವುದಕ್ಕೆ ಒಂದು ತೂತು ಇರುತ್ತದೆ. ಆ ತೂತಿನ ಸುತ್ತ ಕೆಂಪಗಾಯಿತು. ಆಮೇಲೆ ಬುರುಡೆಯಲ್ಲಿ ಊದಿದರಾಯಿತು ಅಂದುಕೊಂಡೆ. ಮಂಗಳಾರತಿ ಆಯಿತು. ಆಚಾರ್ರು ಪೂಜೆ ಮುಗಿಸಿ ಮನೆಗೆ ಹೋದರು. ಪೂಜೆಗೆ ಇಟ್ಟ ಆಯುಧವನ್ನು ಆ ದಿನ ಮುಟ್ಟುವ ಹಾಗಿಲ್ಲ.

ಹನ್ನೊಂದು ಗಂಟೆಗೆ ಚೆನ್ನಪ್ಪ ಬಂದ. ಹಣೆ ತುಂಬ ವಿಭೂತಿ, ಕೈಯಲ್ಲಿ ಹಾರ, ನಿಂಬೆಹಣ್ಣು.

"ಅಕ್ಕಾ, ನನ್ ಮೀಟ್ರು ಕೊಟ್ಬಿಡಕ್ಕ. ಗಾಡಿ ಪೂಜೆ ಮಾಡ್ಬೇಕು. ಮೀಟ್ರಿಲ್ದೆ ಗಾಡಿ ಹಲ್ಲು ಬಿದ್ದ ಮುದುಕಿ ಇದ್ದಂಗೈತೆ."

"ಆಗಿಲ್ಲ ಚೆನ್ನಪ್ಪ. ಸಾಮಾನೆಲ್ಲ ಪೂಜೇಲಿದೆ."

"ಇನ್ನೇನ್ ಬಾಕಿ?"

"ಮುಚ್ಬೇಕು. ತುಳಿದ್ ನೋಡ್ಬೇಕು."

"ಮುಚ್ಕೊಡಕ್ಕ ಸಾಕು. ತುಳಿಯೋದೆಲ್ಲ ನಾನೇ ರೋಡಲ್ಲಿ ತುಳ್ಕೊತೀನಿ. ವರ್ಷಕ್ಕೊಂದ್ಸಲ ಪೂಜೆ. ನಾಳೆ ಬೇರೆ ಕೆಂಗೇರಿಗೆ ಹೋಗ್ಬೇಕು, ಅತ್ತೆ ಮನೇಗೆ."

ಬುರುಡೆ ಹಲಗೆಯ ಮೇಲೆ ಹೂವಿನ ನಡುವೆ ಕೂತಿತ್ತು. ಮುಟ್ಟುವ ಹಾಗಿಲ್ಲ. ಬಾಯಲ್ಲೇ ಊದಿದೆ. ಮುಖದ ಮೇಲಿನದು ಹಾರಿತು. ತೂತಿನೊಳಗೆ ಇಳಿದದ್ದು ಹಾರಲಿಲ್ಲ. ಸಲಾಕೆ ಪೂಜೆಯಲ್ಲಿತ್ತು. ಕಾಫಿಯ ಚಮಚದ ಬೆನ್ನಿನಿಂದ ಬಳೆಯ ಅಂಚು ಒತ್ತಿ ಕೂರಿಸಲು ಹೊರಟೆ. ಹಾಗೆ ಮುಚ್ಚುವ ಮುಂಚೆ ಮುಳ್ಳನ್ನು ಬೆರಳಲ್ಲಿ ಇಪ್ಪತ್ತಕ್ಕೆ ಸರಿಸಿ ಬಿಟ್ಟೆ. ವಾಪಸ್ಸು ಬಂತು. ಆದರೆ ನಿಧಾನಕ್ಕೆ ಬಂತು. ನಾನು ಅದನ್ನು ನೋಡಿದೆ. ನೋಡಿ, ಮುಚ್ಚಿ, ಕೊಟ್ಟೆ.

ಇಷ್ಟೇ ತಪ್ಪು. ನನಗೆ ಗೊತ್ತಾಗದೆ ಆಗಿದ್ದಲ್ಲ.

ಮಾರನೇ ದಿನ ವಿಜಯದಶಮಿ, ಅಂಗಡಿ ಇಲ್ಲ. ಅದರ ಮಾರನೇ ದಿನ ಬೀಗ ತೆಗೆದು ಹೂವು ಗುಡಿಸುತ್ತಿರುವಾಗ ಚೆನ್ನಪ್ಪ ಬಂದ. ಬಲಗೈ ಜೋಳಿಗೆಯಲ್ಲಿ, ಮೊಣಕಾಲಿಗೆ ಬಟ್ಟೆ, ಮುಖ ಊದಿತ್ತು. ಆಚಾರ್ರು ಸ್ಟೂಲು ಕೊಟ್ಟರು. ಅವನು ಕೂರಲಿಲ್ಲ.

"ನಿನ್ನೆ ವಿಜಯನಗರ ಮಾರ್ಕೆಟ್ ತಿರುವಲ್ಲಿ ಬಿದ್ದೆ ಆಚಾರ್ರೇ. ಬೂದುಗುಂಬಳಕಾಯಿ ಒಡ್ದು ರೋಡ್ ತುಂಬಾ ಹಾಕವ್ರೆ. ಟೈರ್ ಜಾರ್ತು. ಗಾಡಿ ಉಜ್ಕೊಂಡು ಹೋಗಿ ಹೂವಿನ ನಿಂಗಮ್ಮಂಗೆ ಹೊಡೀತು. ಅವಳ ಕಾಲು ಮುರ್ದೈತೆ."

"ಎಷ್ಟರಲ್ಲಿ ಹೋಗ್ತಾ ಇದ್ದೆ?" ಅಂತ ಆಚಾರ್ರು ಕೇಳಿದರು.

"ಇಪ್ಪತ್ತೈದೋ ಮೂವತ್ತೋ. ತಿರುವಲ್ಲಿ ಯಾವನ್ ಜೋರಾಗಿ ಹೋಗ್ತಾನೆ? ಆದ್ರೆ ಮೀಟ್ರು ಎಪ್ಪತ್ತು ಅಂತ ತೋರಿಸ್ಕೊಂಡು ನಿಂತೈತೆ. ಬೆಳಿಗ್ಗೆ ಮೈಸೂರ್ ರೋಡಲ್ಲಿ ಒಂದ್ಸಲ ಎಳ್ದಿದ್ದೆ, ಎಪ್ಪತ್ತಕ್ಕೆ ಹೋಯ್ತು, ಅಲ್ಲೇ ಕೂತ್ಕೊಂಡ್ತು. ಮೂರ್ ಸಲ ತಟ್ಟಿದೆ. ಇಳೀಲೇ ಇಲ್ಲ. ಇವತ್ ತಂದ್ಕೊಡಾಣ ಅಂತಿದ್ದೆ."

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರು ಅದನ್ನು ನಂಬಿರಲಿಲ್ಲ. ಗುದ್ದಿದ ಏಟಿಗೆ ಮುಳ್ಳು ಇದ್ದಲ್ಲೇ ಸಿಕ್ಕಿಕೊಂಡಿದೆ, ಹಾಗಾದರೆ ನೀನು ಮಾರ್ಕೆಟ್ಟಿನಲ್ಲಿ ಎಪ್ಪತ್ತರಲ್ಲಿ ಬಂದಿದ್ದೀಯ ಅಂದಿದ್ದರು. ಹಾಗೆ ಬರೆದರೆ ಲೈಸೆನ್ಸು ಹೋಗುತ್ತದೆ. ಲೈಸೆನ್ಸು ಹೋದ ಬಸ್ ಡ್ರೈವರನನ್ನು ಯಾರು ಇಟ್ಟುಕೊಳ್ಳುತ್ತಾರೆ? ಅವನದು ಹನ್ನೊಂದು ವರ್ಷದ ಸರ್ವೀಸು. ಮಾರನೇ ದಿನ ಬ್ರೇಕ್ ಇನ್ಸ್‌ಪೆಕ್ಟರು ಗಾಡಿ ನೋಡಲು ಬರುವವರಿದ್ದರು. ಆಕ್ಸಿಡೆಂಟ್ ಆದ ಗಾಡಿಯನ್ನು ನೋಡಿ ಬರೆಯುವ ಅಧಿಕಾರಿಗೆ ನಾವೆಲ್ಲ ಹಾಗೆ ಅನ್ನುತ್ತಿದ್ದೆವು. ಅವರು ಬರೆದಿದ್ದೇ ಕೊನೆ.

"ಅಕ್ಕಾ, ನೀನ್ ಬಂದು ಒಂದ್ ಮಾತ್ ಹೇಳು. ಮೀಟ್ರು ಸರಿಯಾಗಿರ್ಲಿಲ್ಲ ಅಂತ."

ನಾನು ಬಾಯಿ ತೆರೆಯುವ ಮುಂಚೆ ಆಚಾರ್ರು ಎದ್ದರು. "ನಮ್ಮ ಅಂಗ್ಡಿಯಿಂದ ಹೋದ ಮೀಟ್ರು ಹಂಗೆಲ್ಲ ನಿಲ್ಲಲ್ಲಪ್ಪ. ಏಟು ಬಿದ್ದು ನಿಂತಿರುತ್ತೆ. ಏನೇ ಚಿಕ್ಕತಾಯಿ, ನೋಡೇ ಕೊಟ್ಟಿದ್ದಲ್ವಾ?"

"ನೋಡೇ ಕೊಟ್ಟೆ" ಅಂದೆ. ಅದು ಸುಳ್ಳಲ್ಲ. ಸುಳ್ಳು ಹೇಳಿದ್ದಿದ್ದರೆ ಇನ್ನೂ ಮೇಲಾಗಿತ್ತೇನೋ.

ಚೆನ್ನಪ್ಪ ಜೋಳಿಗೆ ಸರಿಮಾಡಿಕೊಂಡ. ಆಮೇಲೆ ಕುಂಟಿಕೊಂಡು ಹೋದ.

ಆ ದಿನ ಮೂರು ಮೀಟರು ಕೆಲಸ ಮಾಡಿದೆ. ಮೂರೂ ಚೆನ್ನಾಗಿ ಬಂದವು. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಆಚಾರ್ರಿಗೆ ಎಲ್ಲ ಹೇಳಿದೆ. ಕುಂಕುಮ ಬಿದ್ದಿದ್ದು, ಬಾಯಲ್ಲಿ ಊದಿದ್ದು, ಚಮಚದಲ್ಲಿ ಮುಚ್ಚಿದ್ದು, ಮುಳ್ಳು ನಿಧಾನಕ್ಕೆ ಬಂದಿದ್ದು. ಅವರು ಕನ್ನಡಕ ತೆಗೆದು ಒರೆಸಿದರು. ತುಂಬ ಹೊತ್ತು ಒರೆಸಿದರು.

"ತುಳೀಲಿಲ್ವಾ?"

"ಸ್ಟ್ಯಾಂಡಿಗೆ ಹಾರ ಹಾಕಿತ್ತು."

"ಹಾರ ತೆಗೆದು ತುಳೀಬೇಕಿತ್ತು."

"ಮುಟ್ಟಬಾರ್ದು ಅಂತ ಹೇಳಿದ್ದೋರು ನೀವೇ."

"ಕೊಡಬಾರ್ದಿತ್ತು ಹಂಗಾದ್ರೆ!"

"ಹೌದು, ಕೊಡಬಾರ್ದಿತ್ತು" ಅಂದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡರು. ನಾನೇ ಮುಂದುವರಿಸಿದೆ. "ನಾಳೆ ಠಾಣೆಗೆ ಹೋಗ್ತೀನಿ."

"ಹೋದ್ರೆ ಏನಾಗುತ್ತೆ ಗೊತ್ತೇನೇ? ಮೀಟರೊಳಗೆ ಕುಂಕುಮ ತುಂಬಿ ಕೊಡೋ ಅಂಗಡಿ ಅಂತ ಮಾಗಡಿ ರೋಡ್ ಉದ್ದಕ್ಕೂ ಆಡ್ಕೋತಾರೆ. ಒಬ್ಬ ಮೆಕ್ಯಾನಿಕ್ಕೂ ಇತ್ಲಾಗ್ ತಲೆ ಹಾಕಲ್ಲ."

"ಹೋಗ್ದಿದ್ರೆ ಅವನ ಕೆಲಸ ಹೋಗುತ್ತೆ."

"ಹೋಗು. ಅಂಗಡಿ ಹೆಸರು ಹೇಳ್ಬೇಡ."

"ಅಂಗಡಿ ಹೆಸರು ಹೇಳ್ದೆ ನಾನ್ ಯಾರು ಅಂತ ಹೇಳ್ಲಿ? ದಾರೀಲಿ ಹೋಗೋಳು ಮೀಟರಿಗೆ ಕುಂಕುಮ ಇಟ್ಟೆ ಅನ್ಲಾ?"

ಅವರು ಬೀಗ ಹಾಕಿದರು. ಬೀಗದ ಕೈ ಯಾವಾಗಲೂ ನನ್ನ ಕೈಗೆ ಕೊಡುತ್ತಿದ್ದರು, ಬೆಳಿಗ್ಗೆ ನಾನೇ ತೆಗೆಯುವುದು. ಅವತ್ತು ತಮ್ಮ ಜೇಬಿಗೆ ಹಾಕಿಕೊಂಡರು. "ಠಾಣೆಗೆ ಹೋಗೋ ಹಂಗಿದ್ರೆ ಅಲ್ಲಿಂದ ಇಲ್ಲಿಗೆ ಬರಬೇಡ" ಅಂದರು.

ಹೋದೆ. ನನ್ನದೇ ಆದ ಒಂದು ಇಕ್ಕಳ, ಒಂದು ಸಲಾಕೆ ಮನೆಯಲ್ಲಿತ್ತು. ಸೆರಗಿನಲ್ಲಿ ಕಟ್ಟಿಕೊಂಡೆ. ಠಾಣೆಯ ಹಿಂದಿನ ಅಂಗಳದಲ್ಲಿ ಗಾಡಿ ನಿಂತಿತ್ತು. ಹ್ಯಾಂಡಲ್ಲಿಗೆ ಕಟ್ಟಿದ್ದ ಬಾಳೆಕಂದು ಬಾಡಿ ನೇತಾಡುತ್ತಿತ್ತು. ಚೆನ್ನಪ್ಪ ಗೋಡೆಗೆ ಒರಗಿದ್ದ. ನನ್ನನ್ನು ನೋಡಿ ಮುಖ ತಿರುಗಿಸಿದ.

ಬ್ರೇಕ್ ಇನ್ಸ್‌ಪೆಕ್ಟರು ಆಗಲೇ ಬಂದು ಬ್ರೇಕು, ಟೈರು ನೋಡುತ್ತಿದ್ದರು. ಸಣಕಲು ಮನುಷ್ಯ, ಮಾತು ಕಡಿಮೆ. ಪಕ್ಕದಲ್ಲಿ ಸಬ್ ಇನ್ಸ್‌ಪೆಕ್ಟರು, ಒಬ್ಬ ಕಾನ್‌ಸ್ಟೇಬಲ್ಲು.

"ಏನಮ್ಮಾ, ಇವನ ಹೆಂಡ್ತಿನಾ?" ಅಂದರು ಸಬ್ ಇನ್ಸ್‌ಪೆಕ್ಟರು.

"ಅಲ್ಲ ಸಾರ್. ಈ ಮೀಟರ್ ರಿಪೇರಿ ಮಾಡಿದೋಳು."

ಕಾನ್‌ಸ್ಟೇಬಲ್ಲಿಗೆ ನಗು. "ಹೆಂಗಸ್ರೂ ಮೀಟರ್ ರಿಪೇರಿ ಮಾಡ್ತಾರಾ?"

"ಬಿಚ್ತಾ ಇರೋದು ಯಾರು ಅಂತ ಮೀಟರ್‌ಗೆ ಗೊತ್ತಾಗಲ್ಲ ಸಾರ್."

ಬ್ರೇಕ್ ಇನ್ಸ್‌ಪೆಕ್ಟರು ತಲೆಯೆತ್ತಿ ನೋಡಿದರು. "ಹೇಳಮ್ಮ, ಏನ್ ಹೇಳ್ಬೇಕು?"

"ಈ ಮುಳ್ಳು ಏಟಿಗೆ ನಿಂತಿದ್ದಲ್ಲ. ಮೊದ್ಲೇ ಅಂಟ್ಕೊಂಡಿತ್ತು. ಅಂಟೋ ಹಂಗೆ ಮಾಡಿದ್ದು ನಾನು."

"ಅಂದ್ರೆ?"

"ಬಿಚ್ಚಿದ್ರೆ ತೋರಿಸ್ತೀನಿ. ಬಾಯಲ್ಲಿ ಹೇಳಿದ್ರೆ ನೀವು ನಂಬಲ್ಲ."

ಸಬ್ ಇನ್ಸ್‌ಪೆಕ್ಟರು ಒಪ್ಪಲಿಲ್ಲ. ಇವಳನ್ನು ಇವನೇ ಕರೆದುಕೊಂಡು ಬಂದಿದ್ದಾನೆ, ಬಿಚ್ಚುವಾಗ ಏನಾದರೂ ಮಾಡುತ್ತಾಳೆ ಅಂದರು. ಬ್ರೇಕ್ ಇನ್ಸ್‌ಪೆಕ್ಟರು ಒಂದೇ ಪ್ರಶ್ನೆ ಕೇಳಿದರು: "ಗಾಡಿ ಬಿದ್ದಾಗಿಂದ ಯಾರ ಹತ್ರ ಇದೆ?"

"ನಮ್ಮ ಹತ್ರಾನೇ. ಯಾರೂ ಮುಟ್ಟಿಲ್ಲ."

"ಹಂಗಾದ್ರೆ ನನ್ ಕಣ್ಣೆದುರಿಗೆ ಬಿಚ್ಚಲಿ."

ಮೊದಲು ಅವರಿಗೆ ಗಾಜು ತೋರಿಸಿದೆ, ಬಳೆ ತೋರಿಸಿದೆ. ಗಾಜು ಬಿರುಕು ಬಿಟ್ಟಿರಲಿಲ್ಲ, ಬಳೆ ನೆಗ್ಗಿರಲಿಲ್ಲ. ಒಳಗಿನ ಕಡ್ಡಿ ಬಾಗುವಂಥ ಏಟು ಬಿದ್ದಿದ್ದರೆ ಇವೆರಡು ಹೀಗಿರುವುದಿಲ್ಲ ಅಂದೆ. ಆಮೇಲೆ ಅಂಗಳದ ಕಲ್ಲಿನ ಮೇಲೆ ಕೂತು ಬಳೆ ಎಬ್ಬಿಸಲು ಶುರು ಮಾಡಿದೆ. ಕಾನ್‌ಸ್ಟೇಬಲ್ಲು, "ಒಂದ್ಸಲಕ್ಕೆ ಕಿತ್ ಬಿಸಾಕಮ್ಮ, ಊಟದ್ ಹೊತ್ತಾಗುತ್ತೆ" ಅಂದ. ನಾನು ನಾಲ್ಕು ಸುತ್ತು ಬಂದೆ.

ಗಾಜು ತೆಗೆದೆ. ಮುಳ್ಳು ಎಪ್ಪತ್ತರಲ್ಲಿತ್ತು. ಇಕ್ಕಳದ ತುದಿಯಲ್ಲಿ ಅದನ್ನು ಇಪ್ಪತ್ತಕ್ಕೆ ತಳ್ಳಿದೆ. ಇಪ್ಪತ್ತರಲ್ಲಿ ನಿಂತಿತು. ಐವತ್ತಕ್ಕೆ ತಳ್ಳಿದೆ. ಐವತ್ತರಲ್ಲಿ ನಿಂತಿತು.

"ಎಲ್ಲಿ ಇಟ್ರೆ ಅಲ್ಲೇ" ಅಂದರು ಬ್ರೇಕ್ ಇನ್ಸ್‌ಪೆಕ್ಟರು. ಇಕ್ಕಳ ಈಸಿಕೊಂಡು ತಾವೇ ನೂರಕ್ಕೆ ತಳ್ಳಿದರು. ಮುಳ್ಳು ನೂರರಲ್ಲಿ ನಿಂತಿತು. ಗಾಡಿ ಸ್ಟ್ಯಾಂಡಿನ ಮೇಲಿತ್ತು, ಚಕ್ರ ತಿರುಗುತ್ತಿರಲಿಲ್ಲ, ಮೀಟರು ಮಾತ್ರ ನೂರು ಅನ್ನುತ್ತಿತ್ತು. ಸಬ್ ಇನ್ಸ್‌ಪೆಕ್ಟರು ಬಗ್ಗಿ ನೋಡಿದರು.

ನಾನು ಮುಳ್ಳು ಕಿತ್ತು, ಮುಖ ತೆಗೆದು, ಕಡ್ಡಿಯನ್ನು ಬಿಸಿಲಿಗೆ ಹಿಡಿದೆ. ಬುಡದಲ್ಲಿ ಎಣ್ಣೆಗೆ ಅಂಟಿ ಕೆಂಪು ಮುದ್ದೆ ಕೂತಿತ್ತು.

"ಏನಿದು, ತುಕ್ಕಾ?"

"ತುಕ್ಕಲ್ಲ ಸಾರ್. ಕುಂಕುಮ."

"ಕುಂಕುಮ?"

"ಆಯುಧಪೂಜೆ ದಿನ ತೆರೆದ ಮೀಟರಿಗೆ ಇಟ್ಟೆ. ಒಳಗೆ ಬಿತ್ತು. ಬಾಯಲ್ಲಿ ಊದಿದೆ, ಎಣ್ಣೆಗೆ ಅಂಟ್ಕೊಂಡ್ತು. ಮುಳ್ಳು ಸರಿಯಾಗಿ ಬೀಳ್ತಾ ಇಲ್ಲ ಅಂತ ನೋಡಿದ್ರೂ ಮುಚ್ಚಿ ಕೊಟ್ಟೆ."

ಕಾನ್‌ಸ್ಟೇಬಲ್ಲು ತಡೆಯಲಾಗದೆ, "ಮೀಟ್ರಿಗೆ ಮುತ್ತೈದೆ ಭಾಗ್ಯ ಸಾರ್!" ಅಂದ. ಸಬ್ ಇನ್ಸ್‌ಪೆಕ್ಟರೂ ನಕ್ಕರು. ಬ್ರೇಕ್ ಇನ್ಸ್‌ಪೆಕ್ಟರು ನಗಲಿಲ್ಲ. ಆ ಮುದ್ದೆಯನ್ನು ಉಗುರಿನಲ್ಲಿ ಕೆರೆದು ಮೂಸಿ ನೋಡಿದರು.

"ಹಂಗಾದ್ರೆ ಇವನು ಮೂವತ್ತರಲ್ಲಿ ಹೋಗ್ತಾ ಇದ್ದ ಅಂತೀಯಾ?"

"ಅದ್ ನನಗೆ ಗೊತ್ತಿಲ್ಲ ಸಾರ್."

"ಅಕ್ಕಾ!" ಅಂತ ಚೆನ್ನಪ್ಪ ಗೋಡೆ ಬಿಟ್ಟು ಮುಂದೆ ಬಂದ.

"ಸುಮ್ನಿರು. ನಾನ್ ನೋಡಿಲ್ಲ ಸಾರ್. ಈ ಮುಳ್ಳೂ ನೋಡಿಲ್ಲ. ಇದರ ಮಾತು ತಗೋಬೇಡಿ, ಅಷ್ಟು ಹೇಳೋಕೆ ಬಂದೆ. ಅವನ ವೇಗ ಎಷ್ಟು ಅಂತ ರೋಡ್ ಮೇಲಿನ ಗೀರು ನೋಡಿ, ಮಾರ್ಕೆಟ್ ಜನಾನ ಕೇಳಿ."

ಮುಳ್ಳು ತೋರಿಸುವ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ ಅಂತ ಬ್ರೇಕ್ ಇನ್ಸ್‌ಪೆಕ್ಟರು ಬರೆದರು. ನನ್ನ ಹೇಳಿಕೆಯನ್ನೂ ಬರೆಸಿಕೊಂಡರು. ಹೆಸರು, ಅಂಗಡಿಯ ಹೆಸರು, ತಪ್ಪು ನನ್ನದು ಅನ್ನುವುದು. ಓದಿ ಹೇಳಿದರು. ಹೆಬ್ಬೆಟ್ಟು ಬೇಡ ಅಂತ ಹೇಳಿ ಸಹಿ ಹಾಕಿದೆ. ಚಿಕ್ಕತಾಯಮ್ಮ ಅಂತ ಬರೆಯುವುದಕ್ಕೆ ನನಗೆ ಹೊತ್ತು ಹಿಡಿಯುತ್ತದೆ, ಅವರು ಕಾದರು.

ನಾನು ಏಳುವಾಗ ಅವರು ಪೆನ್ನು ಮುಚ್ಚುತ್ತಾ ಕೇಳಿದರು: "ಅವತ್ತು ಹಿಂಗೇ ಇನ್ನೆಷ್ಟು ಮೀಟರ್ ಮುಚ್ಚಿ ಕೊಟ್ಟೆ?"

ಚೆನ್ನಪ್ಪ ಹೋದ ಮೇಲೆ ಆ ಮಧ್ಯಾಹ್ನ ಇನ್ನು ಮೂವರು ಬಂದಿದ್ದರು. ಅವರಿಗೂ ಪೂಜೆ, ಅವರಿಗೂ ಅವಸರ. ಒಬ್ಬನಿಗೆ ಕೊಟ್ಟ ಮೇಲೆ ಇನ್ನೊಬ್ಬನಿಗೆ ಇಲ್ಲ ಅನ್ನುವುದು ಹೇಗೆ? ಅವರ ಮೀಟರುಗಳೂ ತೆರೆದೇ ಇದ್ದವು, ಅವನ್ನೂ ಅದೇ ಚಮಚದಲ್ಲಿ ಮುಚ್ಚಿ ಕೊಟ್ಟಿದ್ದೆ. ಈ ಬರಹದಲ್ಲಿ ಇಷ್ಟು ಹೊತ್ತು ಅದನ್ನು ಹೇಳಲಿಲ್ಲ, ಯಾಕೆಂದರೆ ಆ ಎರಡು ದಿನ ನನ್ನ ತಲೆಯಲ್ಲೂ ಅದು ಬಂದಿರಲಿಲ್ಲ. ಚೆನ್ನಪ್ಪ, ಆಚಾರ್ರು, ಬೀಗದ ಕೈ, ಇಷ್ಟೇ ತುಂಬಿಕೊಂಡಿತ್ತು.

"ಮೂರು" ಅಂದೆ.

ಅವರು ಪೆನ್ನು ಜೇಬಿಗೆ ಸಿಕ್ಕಿಸಿದರು. ಪುಸ್ತಕ ಕಂಕುಳಿಗೆ ಇಟ್ಟುಕೊಂಡು ಹೋದರು.

ಆಮೇಲೆ ಆಗಿದ್ದನ್ನು ಬೇಗ ಹೇಳಿಬಿಡುತ್ತೇನೆ. ಚೆನ್ನಪ್ಪನ ಮೇಲೆ ಕೇಸು ಇದ್ದೇ ಇತ್ತು, ಆದರೆ ಸಣ್ಣದಾಯಿತು. ಕೋರ್ಟಿನಲ್ಲಿ ದಂಡ ಹಾಕಿದರು. ಎರಡು ತಿಂಗಳು ಡ್ಯೂಟಿ ಕೊಡಲಿಲ್ಲ, ಮೂರನೇ ತಿಂಗಳು ಕೊಟ್ಟರು. ನಿವೃತ್ತಿಯವರೆಗೆ ಬಸ್ಸು ಓಡಿಸಿದ. ಅವನ ಬಸ್ಸಿಗೆ ನಾನು ಹತ್ತಿದರೆ ಮಾತಾಡಿಸುತ್ತಿರಲಿಲ್ಲ. ಠಾಣೆಯಲ್ಲಿ ನಾನು ಗೊತ್ತಿಲ್ಲ ಅಂದಿದ್ದು ಅವನಿಗೆ ಕೊನೆಯವರೆಗೂ ಹಿಡಿಸಲಿಲ್ಲ. ನಿಂಗಮ್ಮನ ಕಾಲು ಕೂಡಿಕೊಂಡಿತು, ಸ್ವಲ್ಪ ಸೊಟ್ಟ. ಮಾಗಡಿ ರಸ್ತೆಯ ಮೆಕ್ಯಾನಿಕ್ಕುಗಳು ವರ್ಷಗಟ್ಟಲೆ ನನ್ನನ್ನು ಕುಂಕುಮದಕ್ಕ ಅಂತ ಕರೆದರು. ಮೀಟರು ತರುವುದನ್ನು ಮಾತ್ರ ಬಿಡಲಿಲ್ಲ, ಬಾಷಾನಂತೂ ಗ್ರೀಸನ್ನೂ ಬಿಡಲಿಲ್ಲ. ಆಚಾರ್ರು ಎಂಟು ದಿನ ತಾವೇ ಇಕ್ಕಳ ಹಿಡಿದು ನೋಡಿದರು. ಒಂಬತ್ತನೇ ದಿನ ನನ್ನ ಜಗಲಿಯ ಮುಂದೆ ನಿಂತು, "ಕೆಲಸ ಬಿದ್ದಿದೆ" ಅಂದರು. ಬೀಗದ ಕೈ ಕೊಟ್ಟರು. ಆ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಂದಿನ ವರ್ಷದಿಂದ ಕುಂಕುಮ ಬಾಗಿಲಿಗೆ, ಬೆಂಚಿನ ಕಾಲಿಗೆ, ಸ್ಟ್ಯಾಂಡಿಗೆ ಮಾತ್ರ. ಮೀಟರುಗಳು ಪೆಟ್ಟಿಗೆಯೊಳಗೆ.

ಆಮೇಲೆ ತುಳಿಯುವ ಸ್ಟ್ಯಾಂಡು ಹೋಗಿ ಕರೆಂಟ್ ಮೋಟಾರು ಬಂತು. ಬಳೆಯ ಬದಲು ಪ್ಲಾಸ್ಟಿಕ್ ಬಂತು, ಬಿಚ್ಚಿದರೆ ಒಡೆಯುತ್ತದೆ. ಈಗ ಮುಳ್ಳೇ ಇಲ್ಲ, ಅಂಕಿ ಬೆಳಗುತ್ತದೆ. ಅದರ ರಿಪೇರಿ ನನಗೆ ಗೊತ್ತಿಲ್ಲ. ಹಳೆಯದನ್ನು ಬಿಚ್ಚುವವರಿಗೆ ನನ್ನ ಮಾತು ಇಷ್ಟೇ: ಮುಳ್ಳು ಏರುವುದನ್ನು ನೋಡಿ ಖುಷಿಪಡಬೇಡಿ, ಬೀಳುವುದನ್ನು ನೋಡಿ. ನಿಧಾನಕ್ಕೆ ಬಿದ್ದಿದ್ದನ್ನು ನೋಡಿಯೂ ಕೊಡಬೇಡಿ, ದೇವರೇ ಬಂದು ಬಾಗಿಲಲ್ಲಿ ನಿಂತಿದ್ದರೂ.

ಇದೆಲ್ಲ ಆಮೇಲಿನದು. ಠಾಣೆಗೆ ಹೋಗಿ ಬಂದ ಮರುದಿನ ಬೆಳಿಗ್ಗೆ ನನಗೆ ಹೋಗಲು ಅಂಗಡಿ ಇರಲಿಲ್ಲ. ಮೂರು ಮನೆಗಳಿದ್ದವು. ಆರು ಗಂಟೆಗೆ ಹೊರಟು ನಡೆದುಕೊಂಡು ಬಾಪೂಜಿ ನಗರಕ್ಕೆ ಹೋದೆ. ಮೊದಲನೆಯವನು ರಂಗಸ್ವಾಮಿ, ಗುಮಾಸ್ತ. ಬನಿಯನ್ನಿನಲ್ಲಿ ನಿಂತು ಗಾಡಿ ಒರೆಸುತ್ತಿದ್ದ.

"ಏನಮ್ಮಾ ಇಷ್ಟ್ ಬೆಳಿಗ್ಗೆ?"

"ನಿಮ್ ಮೀಟರ್ ಬಿಚ್ಕೊಂಡ್ ಹೋಗ್ಬೇಕು."

"ಯಾಕೆ? ಚೆನ್ನಾಗೇ ಓಡ್ತಾ ಇದ್ಯಲ್ಲ."

"ನಾನ್ ಅದನ್ನ ಸರಿಯಾಗಿ ನೋಡದೆ ಕೊಟ್ಟಿದೀನಿ. ಕೊಳೆ ಇರಬಹುದು."

"ಈಗ ಆಫೀಸಿಗೆ ಹೊತ್ತಾಗುತ್ತೆ. ನಾಳೆ ಬಾ."

"ನಾಳೆ ಬೇಡ. ಇವತ್ ಬಸ್ಸಲ್ಲಿ ಹೋಗಿ. ಸ್ಪ್ಯಾನರ್ ಇದ್ಯಾ?"

ಗೊಣಗಿಕೊಂಡು ಒಳಗೆ ಹೋಗಿ ತಂದುಕೊಟ್ಟ. ನಾನು ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಮುಳ್ಳು ಸೊನ್ನೆಯಲ್ಲೇ ಇತ್ತು. ನಂಬದೆ ಬಿಚ್ಚಿದೆ.